ಬ್ಯಾಗು ಕಾಯುವವರಿಲ್ಲದ ಆಟದ ಪೀರಿಯಡ್

ಜಗಳೂರು ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಾಗ ತೀರಿಕೊಂಡ ಹುಡುಗನ ನೆನಪಿಗೆ ತಂದೆತಾಯಿ ಸುಮಾರು 30,000 ರೂಪಾಯಿ ದತ್ತಿ ಇಡಲು ಬಂದಾಗ, ಎಲ್ಲ ಕಡೆ ನಡೆಯುವಂತೆ ಹೆಚ್ಚು ಅಂಕ ಪಡೆದವರಿಗೆ ಬಹುಮಾನವೆಂದೇ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬರೆದುಕೊಂಡಿದ್ದರು. ನಾನು ಒಪ್ಪಲಿಲ್ಲ. ಸ್ನಾಯುಗಳು ಬರಬರುತ್ತ ಬಲ ಕಳೆದುಕೊಳ್ಳುವ ಮಸ್ಕ್ಯುಲರ್ ಡಿಸ್ಟ್ರೊಫಿ ಕಾಯಿಲೆಯಿಂದ ಐದನೇ ತರಗತಿಯ ಹೊತ್ತಿಗೆ ನಡಿಗೆ ಕಳೆದುಕೊಂಡ ಆ ಹುಡುಗನನ್ನು ಶಾಲೆಯಲ್ಲಿ ಯಾರೂ ಹೀಯಾಳಿಸಿದವರಲ್ಲ. ಆದರೆ ಆಟದ ಪೀರಿಯಡ್ ಬಂತೆಂದರೆ ಜಗಲಿಯ ಮೇಲೆ ಕುಳಿತು ಎಲ್ಲರ ಬ್ಯಾಗು, ಚಪ್ಪಲಿ ಕಾಯುವುದು ಅವನ ಪಾಲಿಗೆ ಬರುತ್ತಿತ್ತು. ದತ್ತಿಯ ಬಡ್ಡಿ ಆ ರೂಢಿಯನ್ನು ಮುರಿಯಲು ಖರ್ಚಾಗಬೇಕೆಂದು ಹಟ ಹಿಡಿದೆ. "ಒಳ್ಳೇತನಕ್ಕೆ ಲೆಕ್ಕ ಇಡಾಕಾಗುತ್ತೇನ್ರೀ ಮೇಷ್ಟ್ರೇ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು.

ಮೊದಲ ವರ್ಷ ಅವರ ನಗುವೇ ಗೆದ್ದಿತು. ಸಹಾಯ ಮಾಡಿದವರ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಲು ಒಂದು ಪೆಟ್ಟಿಗೆ ಇಟ್ಟರೆ, ಮಕ್ಕಳು ಒಬ್ಬರ ಹೆಸರನ್ನು ಇನ್ನೊಬ್ಬರು ಬರೆಯುವ ಒಪ್ಪಂದ ಮಾಡಿಕೊಂಡರು. ವಾರ್ಷಿಕೋತ್ಸವದಲ್ಲಿ ಸಹೃದಯ ವಿದ್ಯಾರ್ಥಿಗೆ ಬಹುಮಾನವೆಂದು ಸಾರಿದ್ದು ಇನ್ನೂ ಕೆಟ್ಟಿತು. ಒಂದು ಕಾಲಿಗೆ ಬಲವಿಲ್ಲದ ಆರನೇ ತರಗತಿಯ ಹುಡುಗಿಯೊಬ್ಬಳ ಬ್ಯಾಗನ್ನು ಗೇಟಿನಲ್ಲೇ ಕಿತ್ತುಕೊಳ್ಳಲು ನಾಲ್ಕೈದು ಮಕ್ಕಳು ಜಗಳಕ್ಕೆ ಬೀಳುತ್ತಿದ್ದರು. ಕೊನೆಗೆ ಅವಳೇ ಸ್ಟಾಫ್ ರೂಮಿಗೆ ಬಂದು, "ಸಾರ್, ನನ್ನ ಬ್ಯಾಗ್ ನಾನೇ ಹೊರ್ತೀನಿ, ಇವರಿಗೆ ಹೇಳ್ರಿ" ಎಂದಳು. ಬಹುಮಾನವನ್ನು ಅಂದೇ ನಿಲ್ಲಿಸಿದೆ.

ಮುಂದಿನ ಜೂನ್‌ನಿಂದ ಐದರಿಂದ ಏಳನೇ ತರಗತಿಯ ತೊಂಬತ್ತರ ಆಸುಪಾಸಿನ ಮಕ್ಕಳೆಲ್ಲರಿಗೂ ತಿಂಗಳಿಗೊಮ್ಮೆ ಬದಲಾಗುವ ಜೋಡಿ ಪಟ್ಟಿ ಮಾಡಿದೆ. ಬಿಸಿಯೂಟಕ್ಕೆ ಜೊತೆಯಲ್ಲಿ ಕೂರುವುದು, ಜೊತೆಗಾರ ಗೈರಾದರೆ ಅಂದಿನ ಪಾಠವನ್ನು ಮನೆಗೆ ಮುಟ್ಟಿಸುವುದು, ಇಷ್ಟೇ ಕೆಲಸ. ಅಂಕವಿಲ್ಲ, ಚಪ್ಪಾಳೆಯೂ ಇಲ್ಲ. ಅಂಗವೈಕಲ್ಯವಿರುವ ಮಗುವಿಗೂ ಅದೇ ಹೊಣೆ ಇರುವುದರಿಂದ ಅದು ಬರೀ ಸಹಾಯ ಪಡೆಯುವ ಮಗುವಾಗಿ ಉಳಿಯುವುದಿಲ್ಲ. ಜೋಡಿಗಳನ್ನು ಹೇಗೆ ಆರಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮಕ್ಕಳಿಗೆ ಗೊತ್ತಾದರೆ ಪಟ್ಟಿಯೇ ಕೆಡುತ್ತದೆ.

ಆಟಕ್ಕೆ ಒಂದೇ ನಿಯಮ: ಬ್ಯಾಗು ಕಾಯುವವರು ಯಾರೂ ಇರಕೂಡದು, ಎಲ್ಲರೂ ಆಡುವಂತೆ ಆಟವನ್ನೇ ಬದಲಿಸಬೇಕು. ಖೋಖೋದಲ್ಲಿ ಮಾಡಿದ ಪ್ರಯೋಗಗಳೆಲ್ಲ ಜಗಳದಲ್ಲಿ ಮುಗಿದವು. ಲಗೋರಿ ಕೈ ಹಿಡಿಯಿತು. ಏಳು ಕಲ್ಲುಗಳನ್ನು ನೆಲದ ಬದಲು ಕಲ್ಲುಬೆಂಚಿನ ಮೇಲೆ ಪೇರಿಸಿದರೆ ಬಗ್ಗಲಾರದವರೂ ಗಾಲಿಕುರ್ಚಿಯಲ್ಲಿರುವವರೂ ಕಲ್ಲು ಜೋಡಿಸಬಹುದು ಎಂದು ಕಂಡುಹಿಡಿದದ್ದು ಮಕ್ಕಳೇ; ಉರುಳಿ ಕೆಳಗೆ ಬಿದ್ದ ಕಲ್ಲನ್ನು ಎತ್ತಿಕೊಡಲು ಒಬ್ಬನನ್ನು ಬಿಟ್ಟರು. ಈಗ ಕಲ್ಲು ಪೇರಿಸುವುದರಲ್ಲಿ ತನ್ನ ಬ್ಯಾಗು ತಾನೇ ಹೊರುತ್ತೇನೆಂದ ಆ ಹುಡುಗಿಯನ್ನು ಮೀರಿಸುವವರು ಶಾಲೆಯಲ್ಲಿಲ್ಲ. ಮಳೆಗಾಲಕ್ಕೆಂದು ಹಳೆಯ ಮೇಜೊಂದರ ಮೇಲೆ ಐದೈದು ಮನೆಯ ಚೌಕಾಬಾರ ಬರೆಸಿದೆ, ಕವಡೆಗೆ ಮೂವತ್ತೋ ನಲವತ್ತೋ ರೂಪಾಯಿ ಆಗಿರಬೇಕು.

ದುಡ್ಡು ನುಂಗಿದ್ದು ರ‍್ಯಾಂಪು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಕಲಮಿನಲ್ಲಿ ಪಾಠದ ಜೊತೆಗೆ ಆಟಕ್ಕೂ ಸಮಾನ ಅವಕಾಶವಿದೆಯೆಂದು ಸಭೆಯಲ್ಲಿ ಓದಿ ಹೇಳಿದ ಮೇಲೆ, ಮೈದಾನದ ಕಡೆ ಇಳಿಜಾರು ಕಟ್ಟಿಸಲು ಊರವರು ಮರಳು, ಸಿಮೆಂಟು ಕೊಟ್ಟರು. ಜಗಲಿ ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರಿಗೆ ಹದಿನೆಂಟು ಅಡಿ ಬೇಕು. ಮೇಸ್ತ್ರಿ ಎಂಟು ಅಡಿಯಲ್ಲೇ ಮುಗಿಸಿದ್ದ. ಗಾಲಿಕುರ್ಚಿ ಹಿಂದಕ್ಕೆ ಜಾರುವುದನ್ನು ಕಣ್ಣಾರೆ ನೋಡುವವರೆಗೂ ಅವನು ಒಪ್ಪಲಿಲ್ಲ. ಒಡೆದು ಕಟ್ಟಿಸಲು ಏಳೆಂಟು ಸಾವಿರ ಹೆಚ್ಚು ಬಿತ್ತು. ವರ್ಷದ ಬಡ್ಡಿ ಎರಡು ಸಾವಿರ ದಾಟದ್ದರಿಂದ ಉಳಿದದ್ದನ್ನು ನಾವು ಶಿಕ್ಷಕರೇ ಹಾಕಿಕೊಂಡೆವು.

ಶಾಲೆಗೆ ಬರಲಾಗದ ಅಂಗವಿಕಲ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣದಲ್ಲಿದ್ದ ನಮ್ಮೂರಿನ ಒಬ್ಬ ಹುಡುಗ, ಅಂಥ ಮಕ್ಕಳ ಕಲಿಕೆ ನೋಡಿಕೊಳ್ಳುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕಿ (ಬಿಐಇಆರ್‌ಟಿ) ಮೇಡಂ ಮನೆಯವರನ್ನು ಒಪ್ಪಿಸಿದ ಮೇಲೆ, ಈಗ ವಾರಕ್ಕೆ ಮೂರು ದಿನ ಶಾಲೆಗೆ ಬರುತ್ತಾನೆ. ಶನಿವಾರದ ಆಟವನ್ನಂತೂ ತಪ್ಪಿಸುವುದಿಲ್ಲ. ನಕ್ಕಿದ್ದ ಸಹೋದ್ಯೋಗಿ ವರ್ಗವಾಗಿ ಹೋದ ಶಾಲೆಯಲ್ಲಿ ಇದನ್ನೇ ಶುರುಮಾಡಲು ಜೋಡಿ ಪಟ್ಟಿಯ ನಮೂನೆ ಕೇಳಿದ್ದಾರೆ. ಕೊಡುತ್ತೇನೆ, ಆದರೆ ಜೂನ್‌ನಲ್ಲೇ ಆರಂಭಿಸಬೇಕೆಂಬ ಷರತ್ತಿನ ಮೇಲೆ. ಗೆಳೆತನದ ಗುಂಪುಗಳು ಗಟ್ಟಿಯಾದ ಮೇಲೆ ನಡುವರ್ಷದಲ್ಲಿ ಪಟ್ಟಿ ಅಂಟಿಸಿದರೆ ಮಕ್ಕಳು ಅದನ್ನು ಶಿಕ್ಷೆಯೆಂದೇ ತಿಳಿಯುತ್ತಾರೆ.