ವಯಸ್ಸಿನ ಕಾಲಂ ತುಂಬುವ ಕಷ್ಟ

ಮಕ್ಕಳ ಕಾದಂಬರಿ ಬರೆದು ಇಟ್ಟುಕೊಂಡಿದ್ದೀರಾ, ಇನ್ನೂ ಅಚ್ಚಾಗಿಲ್ವಾ, ಸ್ಪರ್ಧೆಗೆ ಕಳಿಸೋಣ ಅಂತಿದ್ದೀರಾ? ಹಾಗಿದ್ದರೆ ಮೊದಲು ಅರ್ಜಿ ತೆಗೆದು ಓದಿ. ಹಸ್ತಪ್ರತಿ ತಿದ್ದುವುದು ಆಮೇಲೆ. ನಾನು ಮಾಡಿದ್ದು ಹೀಗೇ. ಹೆಸರು, ವಿಳಾಸ, ಶೀರ್ಷಿಕೆ ಎಲ್ಲ ಆದ ಮೇಲೆ ಒಂದು ಕಾಲಂ ಇತ್ತು: ‘ಯಾವ ವಯಸ್ಸಿನ ಓದುಗರಿಗೆ?’ ನನ್ನ ಇಡೀ ಕಾದಂಬರಿಯನ್ನು ಎರಡನೇ ಸಲ ಬರೆಸಿದ್ದು ಆ ಒಂದು ಸಾಲು.

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ಸಿಗುವ ಬಹುಮಾನಗಳು ಜಾಸ್ತಿ ಅಚ್ಚಾದ ಪುಸ್ತಕಕ್ಕೇ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರವೂ ಹಾಗೇ. ‘ಛಂದ ಪುಸ್ತಕ’ ಪ್ರಕಾಶನದವರು ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾವೇ ಅಚ್ಚು ಹಾಕುತ್ತಾರೆ, ಆದರೆ ಅದು ದೊಡ್ಡವರ ಕಥೆಗಳಿಗೆ. ಕಾರ್ಟೂನಿಸ್ಟ್ ಶಂಕರ್ 1957ರಲ್ಲಿ ದಿಲ್ಲಿಯಲ್ಲಿ ಶುರು ಮಾಡಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಮಕ್ಕಳಿಗೆ ಬರೆಯುವವರಿಗಾಗಿಯೇ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಇಂಗ್ಲೆಂಡಿನಲ್ಲಿ ಇಂಥವು ಇನ್ನೂ ಇವೆ. ಚಿಕನ್ ಹೌಸ್ ಪ್ರಕಾಶನ ಟೈಮ್ಸ್ ಪತ್ರಿಕೆ ಜೊತೆ ಸೇರಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದವರಿಗೆ ಪುಸ್ತಕದ ಕರಾರು, 10,000 ಪೌಂಡ್ ಮುಂಗಡ. ಆ ಪ್ರಕಾಶನ ಕಟ್ಟಿದ ಬ್ಯಾರಿ ಕನಿಂಗ್‌ಹ್ಯಾಮ್ ಅವರೇ ಹಿಂದೆ ಬ್ಲೂಮ್ಸ್‌ಬರಿಯಲ್ಲಿದ್ದಾಗ ಜೆ.ಕೆ. ರೋಲಿಂಗ್ ಅವರ ಮೊದಲ ಹಸ್ತಪ್ರತಿಯನ್ನು ಒಪ್ಪಿಕೊಂಡವರು. ಬಾತ್ ಊರಿನ ಮಕ್ಕಳ ಕಾದಂಬರಿ ಬಹುಮಾನಕ್ಕಂತೂ ಮೊದಲು ಕಳಿಸಬೇಕಾದ್ದು ಶುರುವಿನ 5,000 ಪದ, ಜೊತೆಗೆ ಒಂದು ಪುಟದ ಕಥಾಸಾರ, ಅಷ್ಟೇ. ಅಲ್ಲಿ ಓದಿ ಆರಿಸುವವರಲ್ಲಿ ಮಕ್ಕಳೂ ಇರುತ್ತಾರೆ. ಅದು ನನಗೆ ಬಹಳ ಹಿಡಿಸಿತು.

ನಾನು ಕಳಿಸಿದ್ದು ಕನ್ನಡದ್ದೇ ಒಂದು ಚಿಕ್ಕ ಪ್ರಕಾಶನದ ಸ್ಪರ್ಧೆಗೆ. ಹೆಚ್ಚುಕಮ್ಮಿ ಅದೇ ರೀತಿಯ ನಿಯಮ.

ನಾನು ದಕ್ಷಿಣ ಕೊಡಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನನ್ನ ಕಥೆ ಇಷ್ಟು. ಜುಲೈ ಮಳೆ, ರಸ್ತೆ ಮುಚ್ಚಿದೆ, ಶಾಲೆಗೆ ರಜೆ. ಕಾಫಿ ತೋಟದ ಮನೆಯ ಹುಡುಗಿಯೊಬ್ಬಳ ಗೆಳತಿ, ತೋಟದ ಕೂಲಿಯವರ ಲೈನ್ ಮನೆಯವಳು, ರಾತ್ರೋರಾತ್ರಿ ಸಂಸಾರದ ಜೊತೆ ಕಾಣೆಯಾಗುತ್ತಾಳೆ. ಇವಳು ಹುಡುಕಿಕೊಂಡು ಹೊರಡುತ್ತಾಳೆ. ಮೊದಲ ಕರಡಿನಲ್ಲಿ ಹುಡುಗಿಗೆ ಹತ್ತು ವರ್ಷ. ಹೊಳೆ, ಜಿಗಣೆ, ಮುರಿದ ಕಾಲುಸಂಕ, ಕೊನೆಗೆ ಗೆಳತಿ ಸಿಗುತ್ತಾಳೆ, ಎಲ್ಲರಿಗೂ ಖುಷಿ. ಅದು ಎಂಟೊಂಬತ್ತು ವರ್ಷದವರು ಓದುವ ಕಥೆ. ಕೆಟ್ಟದ್ದೇನಲ್ಲ. ಆದರೆ ಕಾಲಂ ಮುಂದೆ ಪೆನ್ನು ಹಿಡಿದು ಕೂತಾಗ ನನ್ನ ಕಣ್ಣ ಮುಂದೆ ಬಂದವರು ಒಂಬತ್ತನೇ ಕ್ಲಾಸಿನ ಮಕ್ಕಳು. ಅವರು ಹತ್ತು ವರ್ಷದ ಹುಡುಗಿಯ ಕಥೆ ಮುಟ್ಟಲ್ಲ. ಮಕ್ಕಳು ಸಾಮಾನ್ಯವಾಗಿ ತಮ್ಮ ವಯಸ್ಸಿನವರ, ಇಲ್ಲಾ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದುತ್ತಾರೆ, ಚಿಕ್ಕವರ ಕಥೆ ಅಂದರೆ ‘ಪಾಪುಗಳ ಬುಕ್ಕು’ ಅಂತ ಪಕ್ಕಕ್ಕಿಡುತ್ತಾರೆ.

ಹುಡುಗಿಗೆ ಹದಿನಾಲ್ಕು ವರ್ಷ ಮಾಡಿದೆ. ಸುಮ್ನೆ ಅಂಕಿ ಬದಲಾಯಿಸಿದರೆ ಆಗಲಿಲ್ಲ. ಹದಿನಾಲ್ಕರ ಹುಡುಗಿ ‘ಗೆಳತಿ ಎಲ್ಲಿ ಹೋದಳು’ ಅಂತ ಮಾತ್ರ ಕೇಳಲ್ಲ, ‘ಯಾಕೆ ಹೋದಳು’ ಅಂತಲೂ ಕೇಳುತ್ತಾಳೆ. ಕೇಳಿದರೆ ಉತ್ತರ ತೋಟದ ಲೆಕ್ಕದ ಪುಸ್ತಕದಲ್ಲಿದೆ. ಗೆಳತಿಯ ಅಪ್ಪ ತೆಗೆದುಕೊಂಡ ಅಡ್ವಾನ್ಸು, ಎಷ್ಟು ದುಡಿದರೂ ತೀರದ ಸಾಲ, ಬರೆದಿದ್ದು ಇವಳ ಸ್ವಂತ ಅಜ್ಜನ ಕೈ. ಹಾಲು ಕುಡಿಯುವಾಗ ಪಕ್ಕದಲ್ಲಿ ಕೂತು ಕಥೆ ಹೇಳುವ ಅದೇ ಅಜ್ಜ. ಇಲ್ಲಿಂದ ಕಾದಂಬರಿಯೇ ಬೇರೆ ಆಯಿತು. ಸಾಹಸ ಹಾಗೇ ಉಳಿಯಿತು, ಆದರೆ ಹೊಳೆ ದಾಟುವುದಕ್ಕಿಂತ ವಾಪಸ್ ಮನೆಗೆ ಬಂದು ಅಜ್ಜನ ಎದುರು ನಿಲ್ಲುವುದು ಕಷ್ಟ ಆಯಿತು.

ಬರೆದದ್ದನ್ನು ಲೈಬ್ರರಿ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಯಾರು ಬರೆದಿದ್ದು ಅಂತ ಹೇಳುತ್ತಿರಲಿಲ್ಲ, ಹೇಳಿದರೆ ‘ಚೆನ್ನಾಗಿದೆ ಮಿಸ್’ ಬಿಟ್ಟು ಬೇರೆ ಮಾತೇ ಬರಲ್ಲ. ಮಳೆ ಜೋರಾದರೆ ನಮ್ಮ ಶಾಲೆಯ ಶೀಟಿನ ಮಾಡಿನ ಕೆಳಗೆ ನಮ್ಮ ಮಾತು ನಮಗೇ ಕೇಳಿಸಲ್ಲ. ಆಗ ಒಂದು ವಿಷಯ ಗಮನಿಸಿದೆ. ಕಥೆ ಹಿಡಿದಿದ್ದರೆ ಮಕ್ಕಳು ಬೆಂಚು ಎಳೆದುಕೊಂಡು ಹತ್ತಿರ ಬರುತ್ತಿದ್ದರು. ಹಿಡಿಯದಿದ್ದರೆ ಮಳೆಯೇ ನೆಪ, ಹಿಂದಿನ ಬೆಂಚಿನಲ್ಲಿ ಪೆನ್ ಫೈಟ್ ಶುರು. ಪೆನ್ ಫೈಟ್ ಶುರುವಾದ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ. ಮನೆಗೆ ಬಂದು ನೋಡಿದರೆ ಗೀಟು ಬಿದ್ದ ಜಾಗದಲ್ಲೆಲ್ಲ ಯಾರಾದರೂ ದೊಡ್ಡವರು ಬುದ್ಧಿ ಹೇಳುತ್ತಿರುತ್ತಿದ್ದರು, ಇಲ್ಲಾಂದ್ರೆ ನಾನೇ ಗುಡ್ಡ ಬೆಟ್ಟ ವರ್ಣಿಸುತ್ತಿದ್ದೆ.

ಒಬ್ಬ ಹುಡುಗ ಕೈ ಎತ್ತಿದ. ‘ಮಿಸ್, ಅವಳು ಫ್ರೆಂಡಿಗೆ ಒಂದು ಫೋನ್ ಮಾಡಿದ್ರೆ ಮುಗೀತಲ್ವಾ?’

ಈಗಿನ ಕಾಲದ ಯಾವ ಹುಡುಕಾಟದ ಕಥೆಗೂ ಈ ಪ್ರಶ್ನೆ ಬಂದೇ ಬರುತ್ತದೆ. ಪುಣ್ಯಕ್ಕೆ ಉತ್ತರ ಕೊಡಗಿನಲ್ಲೇ ಇತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ, ಡೀಸೆಲ್ ಮುಗಿದರೆ ಟವರ್ ಕೂಡ ಸತ್ತಿರುತ್ತದೆ. ಅಷ್ಟು ಬರೆದೆ, ಹುಡುಗ ತಲೆ ಆಡಿಸಿದ. ಇನ್ನೊಬ್ಬಳು ‘ಚಾರ್ಜ್ ಮಾಡೋಕೆ ಜೀಪ್ ಇದೆಯಲ್ಲ’ ಅಂದಳು. ಜೀಪನ್ನು ಕಥೆಯ ಹುಡುಗಿಯ ಅಪ್ಪನ ಜೊತೆ ಗೋಣಿಕೊಪ್ಪಕ್ಕೆ ಕಳಿಸಿ ರಸ್ತೆ ಮುಚ್ಚಿಸಿದೆ.

ಭಾಷೆಯದ್ದು ಇನ್ನೊಂದು ತಲೆನೋವು. ನನ್ನ ಕಥೆಯ ಹುಡುಗಿಯ ಮನೆಯಲ್ಲಿ ಕೊಡವ ತಕ್ಕ್, ಗೆಳತಿಯ ಮನೆಯಲ್ಲಿ ಎರವ ಭಾಷೆ, ಅಂಗಡಿಯಲ್ಲಿ ಮಲಯಾಳ, ಬಸ್ಸಿನ ಕಂಡಕ್ಟರ್ ಅರೆಭಾಷೆ. ಎಲ್ಲರೂ ಸೇರುವುದು ಕನ್ನಡದಲ್ಲಿ. ಎಲ್ಲ ಭಾಷೆಯನ್ನೂ ಪುಟಕ್ಕೆ ತಂದು ಕೆಳಗೆ ಅರ್ಥ ಕೊಟ್ಟರೆ ಬೀದರಿನ ಹುಡುಗ ಪುಸ್ತಕ ಮುಚ್ಚಿಡುತ್ತಾನೆ. ಹಾಗಾಗಿ ಮಾತೆಲ್ಲ ಸರಳ ಕನ್ನಡದಲ್ಲೇ ಬರೆದೆ. ಯಾರು ಯಾರ ಹತ್ತಿರ ಯಾವ ಭಾಷೆಗೆ ಬದಲಾಯಿಸುತ್ತಾರೆ ಅನ್ನುವುದನ್ನು ಮಾತ್ರ ಬಿಡದೆ ತೋರಿಸಿದೆ. ಗೆಳತಿ ಸಿಟ್ಟು ಬಂದಾಗ ಕನ್ನಡ ಬಿಟ್ಟು ತನ್ನ ಅಮ್ಮನ ಕಡೆ ತಿರುಗಿ ಎರವದಲ್ಲಿ ಮಾತಾಡುತ್ತಾಳೆ, ಇವಳಿಗೆ ಅರ್ಥವಾಗಲ್ಲ, ಓದುವವರಿಗೂ ಆಗಬೇಕಾಗಿಲ್ಲ.

ಮೊದಲ ಪುಟದ ಬಗ್ಗೆ ಒಂದು ಮಾತು. ಕೊಡಗಿನ ಕಥೆ ಅಂದರೆ ಎಲ್ಲರೂ ಮಂಜಿನಿಂದಲೇ ಶುರು ಮಾಡುತ್ತಾರೆ. ಪ್ರವಾಸಿಗರಿಗೆ ಅದು ಸರಿ. ಇಲ್ಲಿ ಹುಟ್ಟಿ ಬೆಳೆದ ಮಗು ಮಂಜು ನೋಡಿ ನಿಂತಿದ್ದನ್ನು ನಾನು ಕಂಡಿಲ್ಲ. ಆ ಮಗುವಿಗೆ ಕಾಣುವುದು ಒಣಗದ ಯೂನಿಫಾರಂ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿ ಬೆಳಿಗ್ಗೆ ಹಾಕಿಕೊಂಡರೆ ಮೈಯೆಲ್ಲ ಹೊಗೆ ವಾಸನೆ, ಕ್ಲಾಸಿನಲ್ಲಿ ಯಾರ ಮನೆಯಲ್ಲಿ ಗ್ಯಾಸ್, ಯಾರ ಮನೆಯಲ್ಲಿ ಸೌದೆ ಅಂತ ಮೂಗಿಗೇ ಗೊತ್ತಾಗುತ್ತದೆ. ನನ್ನ ಕಾದಂಬರಿ ಶುರುವಾಗುವುದು ಅಲ್ಲಿಂದ. ಮೊದಲ ವಾಕ್ಯದಲ್ಲೇ ಇಬ್ಬರು ಹುಡುಗಿಯರ ನಡುವಿನ ವ್ಯತ್ಯಾಸ ಬಂದುಬಿಟ್ಟಿತು, ಬೇರೆ ಪರಿಚಯ ಬೇಕಾಗಲಿಲ್ಲ.

ಕಥಾಸಾರದಲ್ಲಿ ಕೊನೆ ಮುಚ್ಚಿಡಬೇಡಿ. ‘ಮುಂದೇನಾಯಿತು? ಓದಿ ನೋಡಿ!’ ಅಂತ ಬರೆಯುವುದು ಪುಸ್ತಕದ ಹಿಂಬದಿಗೆ ಸರಿ, ತೀರ್ಪುಗಾರರಿಗಲ್ಲ. ನೀವು ಕಥೆಯನ್ನು ದಡ ಸೇರಿಸಿದ್ದೀರಾ ಅನ್ನುವುದೇ ಅವರಿಗೆ ಗೊತ್ತಾಗಬೇಕಾದ್ದು. ಪದಗಳ ಲೆಕ್ಕದಲ್ಲೂ ಹುಷಾರು. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದ ಹಿಡಿಯುವುದು ಕನ್ನಡದಲ್ಲಿ ‘ಹೋಗಬೇಕಾಗಿತ್ತು’ ಅಂತ ಒಂದೇ ಪದದಲ್ಲಿ ಮುಗಿಯುತ್ತದೆ, ಹಾಗಾಗಿ ಇಂಗ್ಲಿಷ್ ಸ್ಪರ್ಧೆಗಳ 30,000 ಪದದ ಅಳತೆ ಇಟ್ಟುಕೊಂಡು ಇಲ್ಲಿ ಕಥೆ ಎಳೆಯಬೇಡಿ. ಫೈಲಿನ ಒಳಗೆ ಎಲ್ಲೂ ನಿಮ್ಮ ಹೆಸರು ಇರಬಾರದು, ಅರ್ಪಣೆಯ ಪುಟದಲ್ಲೂ. ಫಾಂಟ್ ಯೂನಿಕೋಡ್ ಇರಲಿ, ಇಲ್ಲಾಂದ್ರೆ ಆ ಕಡೆ ತೆರೆದಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ.

ನನಗೆ ಬಹುಮಾನ ಬರಲಿಲ್ಲ. ಕೊನೆಯ ಪಟ್ಟಿಯವರೆಗೆ ಹೋಯಿತು, ಜೊತೆಗೆ ಒಂದು ಪುಟದ ಟಿಪ್ಪಣಿ ಬಂತು. ಅಜ್ಜ ಕೊನೆಯಲ್ಲಿ ತುಂಬ ಬೇಗ ಮೆತ್ತಗಾಗುತ್ತಾರೆ ಅಂತ ಬರೆದಿದ್ದರು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಕಡೆಯ ಅಜ್ಜಂದಿರು ಮೊಮ್ಮಗಳ ಎದುರು ಮೆತ್ತಗಾಗುವುದು ಬೇಗವೇ, ಲೆಕ್ಕದ ಪುಸ್ತಕದ ಎದುರು ಮಾತ್ರ ಅಲ್ಲ. ಆದರೂ ಅವರು ಹೇಳಿದ್ದರಲ್ಲಿ ಅರ್ಧ ತೆಗೆದುಕೊಂಡೆ. ಈಗ ಅಜ್ಜ ಅಳುತ್ತಾರೆ, ಸಾಲ ಮಾತ್ರ ಹೊಡೆದು ಹಾಕಲ್ಲ.

ತಿದ್ದಿದ ಪ್ರತಿಯನ್ನು ಮುಂದಿನ ಸ್ಪರ್ಧೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಫೇಸ್‌ಬುಕ್ಕಿನಲ್ಲಾಗಲಿ ‘ಪ್ರತಿಲಿಪಿ’ ಆ್ಯಪಿನಲ್ಲಾಗಲಿ ಒಂದು ಅಧ್ಯಾಯವನ್ನೂ ಹಾಕಲ್ಲ, ಯಾಕೆಂದರೆ ಎಷ್ಟೋ ಕಡೆ ಅದೂ ‘ಪ್ರಕಟಿತ’ದ ಲೆಕ್ಕಕ್ಕೆ ಸೇರುತ್ತದೆ. ನೀವೂ ಹಾಕುವ ಮುಂಚೆ ನಿಯಮ ನೋಡಿಕೊಳ್ಳಿ. ಗೆದ್ದರೆ ಹಕ್ಕು ಯಾರದ್ದು, ಎಷ್ಟು ವರ್ಷಕ್ಕೆ, ಅನುವಾದದ ಹಕ್ಕೂ ಅದರಲ್ಲೇ ಸೇರಿದೆಯಾ ಅನ್ನುವುದನ್ನೂ ಕಳಿಸುವ ಮೊದಲೇ ಓದಿ. ಉತ್ತರ ಸ್ಪಷ್ಟ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.