ದುಡ್ಡು ಕೊಡಬೇಕಾದ್ದು, ಕೊಡಬಾರದ್ದು: ಮಲೆನಾಡಿನಲ್ಲಿ ಹೋಂಸ್ಟೇ ನಡೆಸುತ್ತಿರುವ ನನ್ನ ಅನುಭವ

ಸಾಗರದಿಂದ ಜೋಗಕ್ಕೆ ಹೋಗುವ ಟಾರು ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಊರು. ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಒಂದಿಷ್ಟು ಗದ್ದೆ. ನಾವು ಹವ್ಯಕ ಬ್ರಾಹ್ಮಣರು. ಗದ್ದೆಯ ಆಚೆ ದೀವರು ಅನ್ನುವ ಸಮುದಾಯದವರ ಕೇರಿ. ನಮ್ಮದು ಅಜ್ಜನ ಕಾಲದ ದೊಡ್ಡ ಮನೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮೆತ್ತಿನ (ಮಹಡಿಯ) ಎರಡು ಕೋಣೆ ಸುಮ್ನೆ ಬೀಗ ಹಾಕಿಕೊಂಡು ಬಿದ್ದಿದ್ದವು. ಅವನ್ನು ರಿಪೇರಿ ಮಾಡಿಸಿ ಹೋಂಸ್ಟೇ ಶುರುಮಾಡಿದೆವು.

ಕಾಗದಪತ್ರದ ಕೆಲಸ ದೊಡ್ಡ ವಿಷಯ ಅಲ್ಲ. ಪಂಚಾಯ್ತಿಯ ಪತ್ರ, ಪೊಲೀಸ್ ಠಾಣೆಯ ಪತ್ರ, ಪ್ರವಾಸೋದ್ಯಮ ಇಲಾಖೆಯ ನೋಂದಣಿ. ಓಡಾಟ ಇದೆ, ಆದರೆ ಆಗುತ್ತದೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು. ಅದನ್ನೊಂದು ಮರೆಯಬೇಡಿ. ನನ್ನ ಹತ್ತಿರ ಸಲಹೆ ಕೇಳುವವರೆಲ್ಲ ಈ ಕಾಗದಪತ್ರದ ವಿಷಯವನ್ನೇ ಕೇಳುತ್ತಾರೆ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಬೇರೆಯೇ ಇದೆ. ಬಂದವರು ಊರಿನ ಯಾವ ಯಾವ ಸಂಗತಿಗೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಲೇಬಾರದು? ಇದನ್ನು ಊರಿನವರ ಜೊತೆ ಕೂತು ಮಾತಾಡದೆ ಬೋರ್ಡು ಹಾಕಿದರೆ ಆಮೇಲೆ ಒಂದೊಂದೇ ತಕರಾರು ಎದ್ದು ಬರುತ್ತದೆ.

ಅಡಿಕೆ ಸುಲಿಯುವ ವಿಷಯದಿಂದಲೇ ಹೇಳುತ್ತೇನೆ. ನಮ್ಮಲ್ಲಿ ಮಾಡುವುದು ಕೆಂಪಡಿಕೆ. ನವೆಂಬರ್ ಹೊತ್ತಿಗೆ ಕೊನೆಕೊಯ್ಲು ಶುರುವಾಗುತ್ತದೆ. ಹಸಿರಡಿಕೆ ಸುಲಿದು, ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿದ ಹಂಡೆಯಲ್ಲಿ ಬೇಯಿಸಿ, ಅಟ್ಟದ ಮೇಲೆ ಒಣಗಿಸುತ್ತೇವೆ. ಕೊಯ್ದ ಅಡಿಕೆ ಕಾಯುವುದಿಲ್ಲ. ಹಾಗಾಗಿ ರಾತ್ರಿ ಊಟ ಆದ ಮೇಲೂ ಅಂಗಳದಲ್ಲಿ ಲೈಟು ಹಾಕಿಕೊಂಡು ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಪಟ್ಟಣದವರಿಗೆ ಇದು ಭಾರಿ ಇಷ್ಟ. ಬಂದು ಪಕ್ಕದಲ್ಲೇ ಕೂರುತ್ತಾರೆ. ಎಷ್ಟು ವರ್ಷದಿಂದ ಮಾಡ್ತಿದೀರಿ, ಕೈ ಕೊಯ್ಯಲ್ವಾ, ಒಂದು ಫೋಟೋ, ಇನ್ನೊಂದು ಫೋಟೋ. ನಮ್ಮ ಹೆಂಗಸರೂ ನಗುನಗುತ್ತಾ ಉತ್ತರ ಕೊಡುತ್ತಿದ್ದರು. ಒಂದು ದಿನ ಅವರಲ್ಲಿ ಹಿರಿಯಳು ನನ್ನನ್ನು ಬದಿಗೆ ಕರೆದು ಹೇಳಿದಳು: "ಅಮ್ಮಾ, ಇವರ ಹತ್ರ ಮಾತಾಡ್ತಾ ಕೂತ್ರೆ ನನ್ನ ತೂಕ ಏಳಲ್ಲ."

ಸುಲಿಯುವವರ ಕೂಲಿ ತೂಕದ ಲೆಕ್ಕ. ಕೈ ನಿಂತರೆ ಕೂಲಿ ನಿಂತಂತೆ. ನಮ್ಮ ಮನೆಯ ಅತಿಥಿಗಳ ಖುಷಿಗೆ ಅವಳು ತನ್ನ ಕೂಲಿ ಕಳೆದುಕೊಳ್ಳುತ್ತಿದ್ದಳು. ಹೋಂಸ್ಟೇಯ ದುಡ್ಡು ಮಾತ್ರ ನಮಗೆ. ಆಮೇಲೆ ಹೀಗೆ ಮಾಡಿದೆವು. ಸುಲಿಯುವುದನ್ನು ಕಲಿಸಲು ದಿನಕ್ಕೊಬ್ಬರ ಪಾಳಿ. ಆ ಹೊತ್ತಿನಲ್ಲಿ ಅವರು ಸಾಮಾನ್ಯವಾಗಿ ಎಷ್ಟು ಸುಲಿಯುತ್ತಿದ್ದರೋ ಅಷ್ಟರ ಕೂಲಿ, ಜೊತೆಗೆ ಕಲಿಸಿದ್ದಕ್ಕೆ ಬೇರೆ. ಉಳಿದವರ ಹತ್ತಿರ ಹೋಗಿ ಕೂರುವ ಹಾಗಿಲ್ಲ. ದೂರದಿಂದ ನೋಡಬಹುದು. ಅತಿಥಿಗಳು ಸುಲಿದ ಅಡಿಕೆ ಅರ್ಧಕ್ಕರ್ಧ ಕೊಚ್ಚಿಹೋಗಿರುತ್ತದೆ, ರಾಶಿಗೆ ಬೆರೆಸುವಂತಿಲ್ಲ. ಅದನ್ನು ಬೇರೆ ಬುಟ್ಟಿಯಲ್ಲಿ ಇಡುತ್ತೇವೆ. ಆ ನಷ್ಟ ನಮ್ಮದು, ರೂಮಿನ ಬಾಡಿಗೆಯಲ್ಲೇ ಸೇರಿಕೊಂಡಿದೆ.

ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವಾಗ ಮಾತ್ರ ಯಾರೂ ಕೆಳಗಿನಿಂದ ಕೂಗಿ ಕರೆಯುವಂತಿಲ್ಲ. ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರುವ ಮನುಷ್ಯನಿಗೆ "ಅಣ್ಣಾ, ಈ ಕಡೆ ನೋಡಿ" ಅಂದರೆ ಏನಾಗಬಹುದು ಅಂತ ಯೋಚಿಸಿ. ಈಗ ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದ ಮೇಲೆ ಹತ್ತುವುದು ಕಡಿಮೆ ಆಗಿದೆ. ಅತಿಥಿಗಳಿಗೆ ಬೇಸರ, ನಮಗೆ ನೆಮ್ಮದಿ.

ಇನ್ನು ದುಡ್ಡು ಕೊಡಬಾರದ ಜಾಗ. ಜನವರಿ ದಾಟಿದ ಮೇಲೆ ನಮ್ಮ ಕಡೆ ಆಲೆಮನೆ ನಡೆಯುತ್ತದೆ. ಗಾಣದ ಹತ್ತಿರ ಹೋದವರಿಗೆಲ್ಲ ಕಬ್ಬಿನ ಹಾಲು. ಹೊಟ್ಟೆ ಬಿರಿಯುವಷ್ಟು ಕುಡಿಯಬಹುದು, ಜೊತೆಗೆ ಖಾರದ ಮಂಡಕ್ಕಿ, ಮಿರ್ಚಿ. ಕುದಿಯುವ ಕೊಪ್ಪರಿಗೆಯಿಂದ ತೆಗೆದ ನೊರೆಬೆಲ್ಲವನ್ನು ಬಾಳೆಲೆ ಮೇಲೆ ಹಾಕಿ ಕೊಡುತ್ತಾರೆ. ಇದಕ್ಕೆ ಯಾರೂ ಕಾಸು ತೆಗೆದುಕೊಳ್ಳುವುದಿಲ್ಲ. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಊರ ಪದ್ಧತಿ. ನಮ್ಮಲ್ಲಿ ಉಳಿದಿದ್ದ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಐನೂರರ ನೋಟು ತೆಗೆದು ಆಲೆಮನೆ ಯಜಮಾನರ ಕೈಗೆ ತುರುಕಿದರು. ಯಜಮಾನರ ಮುಖ ಸಣ್ಣಗಾಯಿತು. ನೋಟು ವಾಪಸ್ ಕೊಟ್ಟರು, ಸಂಜೆ ನಮ್ಮ ಮನೆಯವರಿಗೆ ಫೋನ್ ಮಾಡಿ, "ನಿಮ್ಮ ನೆಂಟರು ಅಂತ ಕೊಟ್ಟಿದ್ದು ಮಾರಾಯ್ರೆ, ನಾನೇನು ಅಂಗಡಿ ಇಟ್ಟಿದ್ನಾ?" ಅಂದರು.

ಹಾಗಂತ ನಾವು ಕಾರುಗಟ್ಟಲೆ ಜನ ಕರೆದುಕೊಂಡು ಹೋಗಿ ಪುಕ್ಕಟೆ ಕುಡಿಸಿಕೊಂಡು ಬರುವುದೂ ಸರಿಯಲ್ಲ, ಅಲ್ವಾ? ಕಬ್ಬು ಬೆಳೆದವರ ಶ್ರಮ ಅದು. ಕೊನೆಗೆ ಅವರೇ ದಾರಿ ಹೇಳಿದರು. ಜೋನಿ ಬೆಲ್ಲ, ಅಂದರೆ ನೀರುಬೆಲ್ಲ, ಮಾರಾಟಕ್ಕೇ ಇರುವುದು. ಅತಿಥಿಗಳು ಬೇಕಾದರೆ ಡಬ್ಬಿ ಬೆಲ್ಲ ಕೊಂಡುಕೊಳ್ಳಲಿ, ಪೇಟೆಯ ರೇಟಿಗೆ, ಚೌಕಾಸಿ ಇಲ್ಲದೆ. ಹಾಲಿಗೆ ದುಡ್ಡಿಲ್ಲ, ಬೆಲ್ಲಕ್ಕೆ ದುಡ್ಡು. ಕೊಂಡ ಬೆಲ್ಲದಲ್ಲಿ ಏನು ಮಾಡುವುದು ಅಂತ ಕೇಳಿದವರಿಗೆ ನಾನು ದೋಸೆಗೆ ಹಾಕಿ ಕೊಡುತ್ತೇನೆ. ಮನೆಗೆ ಹೋಗಿ ಮತ್ತೆ ತರಿಸಿಕೊಳ್ಳುವವರು ಜಾಸ್ತಿ. ಈಗ ಆ ಯಜಮಾನರ ಬೆಲ್ಲ ಒಂದಿಷ್ಟು ನಮ್ಮ ಅತಿಥಿಗಳ ಮನೆಗಳಿಗೇ ಪಾರ್ಸೆಲ್ ಆಗುತ್ತದೆ. ನಮಗೆ ಅದರಲ್ಲಿ ಕಮಿಷನ್ ಇಲ್ಲ. ಬೇಡ ಅಂದದ್ದು ನಾನೇ. ಕಮಿಷನ್ ಇಟ್ಟುಕೊಂಡರೆ ನಾನು ಯಾವ ಬೆಲ್ಲ ಹೊಗಳಿದರೂ ಜನ ನಂಬುವುದಿಲ್ಲ.

ಊಟದ ವಿಷಯದಲ್ಲೂ ಇಂಥದ್ದೇ ಒಂದು ಗಂಟಿತ್ತು. ನಮ್ಮ ಮನೆಯಲ್ಲಿ ತಂಬುಳಿ, ಅಪ್ಪೆಹುಳಿ, ಮಳೆಗಾಲವಾದರೆ ಕೆಸುವಿನ ಕರಕಲಿ, ಪತ್ರೊಡೆ, ಹಲಸಿನ ಕಡುಬು. ಒಂದು ಹೊತ್ತು ಎಲ್ಲರೂ ಚಪ್ಪರಿಸಿ ಉಣ್ಣುತ್ತಾರೆ. ಎರಡನೇ ದಿನ ಮೆಲ್ಲಗೆ, "ಮೇಡಂ, ನಾನ್‌ವೆಜ್ ಏನಾದ್ರೂ?" ನಮ್ಮ ಒಲೆಯಲ್ಲಿ ಅದು ಆಗುವುದಿಲ್ಲ. ಮಲೆನಾಡು ಅಂದರೆ ಹವ್ಯಕರ ಅಡುಗೆ ಮಾತ್ರ ಅನ್ನುವ ಹಾಗೆ ತೋರಿಸುವುದೂ ಸುಳ್ಳೇ. ಗದ್ದೆಯಾಚೆಯ ಒಂದು ಮನೆಯವರು ಒಪ್ಪಿಕೊಂಡರು. ಎರಡನೇ ರಾತ್ರಿ ಬೇಕಾದವರು ಅಲ್ಲಿ ಹೋಗಿ ಕಡುಬು, ನಾಟಿಕೋಳಿ ಸಾರು ಉಂಡು ಬರುತ್ತಾರೆ. ದುಡ್ಡು ನೇರ ಆ ಮನೆಯವರ ಕೈಗೆ. ರೇಟು ಅವರದ್ದೇ. ಮೊದಲ ವರ್ಷ ತೀರಾ ಕಡಿಮೆ ಹೇಳಿದ್ದರು, ಕೋಳಿಯ ಬೆಲೆ ಲೆಕ್ಕ ಹಾಕಿ, ಸೌದೆ, ಹೊತ್ತು, ಪಾತ್ರೆ ತೊಳೆಯುವುದು ಯಾವುದನ್ನೂ ಸೇರಿಸದೆ. ಕೂತು ಒಟ್ಟಿಗೆ ಲೆಕ್ಕ ಬರೆದೆವು. ಹಳ್ಳಿಯಲ್ಲಿ ಹೆಂಗಸರು ತಮ್ಮ ಹೊತ್ತಿಗೆ ಬೆಲೆ ಕಟ್ಟುವುದೇ ಇಲ್ಲ. ಹೋಂಸ್ಟೇ ಮಾಡುವವರು ಮೊದಲು ಈ ಲೆಕ್ಕ ಕಲಿಯಬೇಕು, ಕಲಿಸಬೇಕು.

ಅದೇ ಮನೆಯ ಅತ್ತೆ ಚಿತ್ತಾರ ಬರೆಯುವವರು. ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ನೋಡಿರುತ್ತೀರಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದ್ದು. ಗೆರೆಗಳು ಸ್ಕೇಲ್ ಇಟ್ಟು ಎಳೆದಂತೆ ನೇರ. ಅರ್ಧ ದಿನ ಅವರ ಜಗಲಿಯಲ್ಲೇ ಕಲಿಸುತ್ತಾರೆ. ಇದಕ್ಕೆ ಶುಲ್ಕ ಇದೆ, ಕಡಿಮೆಯೇನಲ್ಲ, ಕಡಿಮೆ ಇರಲೂಬಾರದು. ಕಲಿತವರು ಕಾಗದದ ಮೇಲೆ ಬರೆದು ತೆಗೆದುಕೊಂಡು ಹೋಗುತ್ತಾರೆ. ಒಮ್ಮೆ ಒಂದು ಜೋಡಿ, ಹಸೆಗೋಡೆ ಪೂರ್ತಿ ಬರೆಸಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ, ಕೇಳಿದಷ್ಟು ಕೊಡುತ್ತೇವೆ ಅಂದರು. ಹಸೆ ಬರೆಯುವುದು ಮದುವೆಗೆ. ಆ ಅತ್ತೆ ನನ್ನ ಕಡೆ ತಿರುಗಿ ಕೇಳಿದರು: "ಇವ್ರು ಇಲ್ಲೇ ಮದ್ವೆ ಆಗ್ತಾರಂತಾ? ಆದ್ರೆ ಬರಿತೀನಿ." ಮಾತು ಅಲ್ಲಿಗೆ ಮುಗಿಯಿತು. ಜೋಡಿಯೂ ನಕ್ಕರು.

ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುವ ಚಿತ್ತಾರವೇ ಬೇರೆ. ದಸರೆ ಮುಗಿಯುತ್ತಿದ್ದಂತೆ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಶುರುಮಾಡುತ್ತಾರೆ. ಹುಣ್ಣಿಮೆಯ ಹಿಂದಿನ ರಾತ್ರಿ ಇಡೀ ಅಡುಗೆ. ಸಿಕ್ಕಿದ ಸೊಪ್ಪು, ಕುಡಿಗಳನ್ನೆಲ್ಲ ಹಾಕಿ ಬೇಯಿಸುತ್ತಾರೆ. ನೂರೊಂದು ಕುಡಿ ಅನ್ನುವುದು ಲೆಕ್ಕ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು, ಭೂಮಿ ಬಸುರಿ, ಅವಳ ಬಯಕೆ ತೀರಿಸುವ ಹಬ್ಬ ಅದು. ಬೆಳಕು ಹರಿಯುವ ಮೊದಲೇ ಮನೆ ಯಜಮಾನ ಬುಟ್ಟಿ ಹೊತ್ತು ಹೋಗಿ ಗದ್ದೆಗೆ ಚರಗ, ಅಂದರೆ ಆ ಅಡುಗೆಯ ಎಡೆ, ಬೀರುತ್ತಾನೆ. ಈ ಹಬ್ಬವನ್ನು ನಾವು ಎಲ್ಲಿಯೂ ಪ್ರಚಾರ ಮಾಡುವುದಿಲ್ಲ. ಆ ದಿನ ನಮ್ಮಲ್ಲಿ ಯಾರಾದರೂ ಇದ್ದು, ಆ ಮನೆಯವರೇ ಬನ್ನಿ ಅಂದರೆ ಮಾತ್ರ ಹೋಗುವುದು. ಚಪ್ಪಲಿ ಹಾಕಿಕೊಂಡು ಗದ್ದೆಗೆ ಇಳಿಯುವಂತಿಲ್ಲ, ಬದುವಿನ ಮೇಲೆ ಸಾಲಾಗಿ ನಡೆಯಬೇಕು. ಕರೆಯದಿದ್ದರೆ ಇಲ್ಲ. ಹಬ್ಬದ ಪ್ಯಾಕೇಜ್ ಇದೆಯಾ ಅಂತ ಫೋನ್ ಮಾಡುವವರಿಗೆ ಇಲ್ಲ ಅಂತಲೇ ಹೇಳುತ್ತೇನೆ.

ಯಾವಾಗ ಬರಬೇಕು ಅನ್ನುವುದೂ ಊರಿನ ಲೆಕ್ಕದಲ್ಲೇ ನಡೆಯಬೇಕು. ಬೇಸಿಗೆ ರಜೆಯಲ್ಲಿ ಬೇಡಿಕೆ ಜಾಸ್ತಿ. ಆದರೆ ನಮ್ಮ ನೀರು ಬೆಟ್ಟದ ಅಬ್ಬಿಯಿಂದ ಪೈಪಿನಲ್ಲಿ ಬರುವುದು. ಏಪ್ರಿಲ್ ಬಂತೆಂದರೆ ಅದು ಹೆಬ್ಬೆರಳು ಗಾತ್ರಕ್ಕೆ ಇಳಿಯುತ್ತದೆ, ಕೆಳಗಿನ ಮನೆಗಳಿಗೂ ಅದೇ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ಕೋಣೆ ಕೊಡುತ್ತೇವೆ, ನೀರು ತೀರಾ ಕಡಿಮೆಯಾದರೆ ಅದೂ ಇಲ್ಲ. ಬೋರ್‌ವೆಲ್ ಹೊಡೆಸಿ ಅಂತ ಬುದ್ಧಿ ಹೇಳಿದವರಿದ್ದಾರೆ. ಹೊಡೆಸಿದರೆ ನಮಗೆ ಎರಡೂ ಕೋಣೆಗೆ ನೀರಾಗಬಹುದು. ಕೆಳಗಿನವರ ಬಾವಿ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ಕಾಡಿನ ನಡಿಗೆಗೂ ಅಷ್ಟೇ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಹರಡುವುದು ಉಣ್ಣೆ ಅನ್ನುವ ರಕ್ತ ಹೀರುವ ಹುಳದಿಂದ, ಜೋರು ಡಿಸೆಂಬರ್‌ನಿಂದ ಮೇವರೆಗೆ. 2019ರ ಹೊತ್ತಿಗೆ ನಮ್ಮದೇ ತಾಲೂಕಿನ ಅರಳಗೋಡಿನಲ್ಲಿ ಹಲವರು ತೀರಿಕೊಂಡರು. ಹಾಗಾಗಿ ಆ ತಿಂಗಳುಗಳಲ್ಲಿ ಅತಿಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗುವುದಿಲ್ಲ, ಎಷ್ಟೇ ಕೇಳಲಿ. ತೋಟದಲ್ಲಿ ಓಡಾಡಿದರೂ ಬಂದ ತಕ್ಷಣ ಬಿಸಿನೀರ ಸ್ನಾನ, ಬಟ್ಟೆ ಬದಲು. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಇದ್ದೇ ಇದೆ. ಇದನ್ನು ಮೊದಲೇ ಹೇಳಿದರೆ ಗಿರಾಕಿ ಓಡಿಹೋಗುತ್ತಾರೆ ಅಂತ ಕೆಲವರು ಮುಚ್ಚಿಡುತ್ತಾರೆ. ನಾನು ಬುಕಿಂಗ್ ಫೋನಿನಲ್ಲೇ ಹೇಳುತ್ತೇನೆ. ಕೆಲವರು ಬರುವುದಿಲ್ಲ, ಪರವಾಗಿಲ್ಲ.

ಹಾಗಾದರೆ ಕಾಡು ನೋಡಬೇಕಾದವರು ಯಾವಾಗ ಬರಬೇಕು? ಮಳೆಗಾಲದ ಕೊನೆಗೆ. ಉಂಬಳ (ಜಿಗಣೆ) ಹತ್ತುತ್ತದೆ, ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಆದರೆ ಜೋಗದಲ್ಲಿ ನೀರಿರುತ್ತದೆ. ಜೋಗದ ಜೊತೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ದೇವಸ್ಥಾನ ಅಂತ ನಾನೇ ಕಳಿಸುತ್ತೇನೆ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಇದ್ದರೆ ತಪ್ಪಿಸಿಕೊಳ್ಳಬೇಡಿ ಅನ್ನುತ್ತೇನೆ. 1949ರಲ್ಲಿ ಶುರುವಾದ ಸಂಸ್ಥೆ ಅದು, ಹಳ್ಳಿಯವರೇ ಕಟ್ಟಿದ್ದು, ಮೊದಲಿನಿಂದಲೂ ಹಳ್ಳಿಯವರೇ ನೋಡಿದ್ದು. ಒಂದೇ ರಾತ್ರಿ ಮಲಗಿ ಬೆಳಿಗ್ಗೆ ಜೋಗಕ್ಕೆ ಓಡುವವರಿಗೆ ಮಾತ್ರ ಕೋಣೆ ಕೊಡುವುದಿಲ್ಲ. ಕನಿಷ್ಠ ಎರಡು ರಾತ್ರಿ. ಒಂದು ರಾತ್ರಿಯವರಿಂದ ಹಾಸಿಗೆ ಬಟ್ಟೆ ಒಗೆಯುವ ನೀರಿನ ಖರ್ಚೂ ಹುಟ್ಟುವುದಿಲ್ಲ, ಊರಿಗೆ ನಾಲ್ಕು ಕಾಸೂ ಸಿಗುವುದಿಲ್ಲ.

ಈಗ ಊರಿನಲ್ಲಿ ನಡೆಯುತ್ತಿರುವ ಚರ್ಚೆ ಅಂಟಿಗೆ ಪಂಟಿಗೆಯದ್ದು. ದೀಪಾವಳಿ ರಾತ್ರಿ ತಂಡ ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು ಹಾಡುತ್ತಾ ಮನೆ ಮನೆಗೆ ಬರುತ್ತದೆ. ದೀಪ ಆರುವಂತಿಲ್ಲ. ಮನೆಯವರು ಎಣ್ಣೆ ಎರೆಯುತ್ತಾರೆ, ಅದರಿಂದ ತಮ್ಮ ದೀಪ ಹೊತ್ತಿಸಿಕೊಳ್ಳುತ್ತಾರೆ, ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತಾರೆ. ನಮ್ಮ ಅತಿಥಿಗಳೂ ಕಾಣಿಕೆ ಹಾಕುತ್ತಾರೆ, ಮನೆಯವರು ಹಾಕಿದಷ್ಟೇ, ಜಾಸ್ತಿ ಇಲ್ಲ. ಬಾಗಿಲ ಮುಂದಿನ ಹಾಡು ಮುಗಿಯುವ ತನಕ ಮೊಬೈಲ್ ಜೇಬಿನಲ್ಲಿ. ಇಷ್ಟು ಸುಲಭವಾಗಿ ನಡೆದುಕೊಂಡು ಬಂದಿತ್ತು. ಈಚೆಗೆ ದೂರದ ಒಂದು ರೆಸಾರ್ಟಿನವರು ಹೊಸವರ್ಷದ ರಾತ್ರಿ ಬಂದು ಹಾಡಿ ಅಂತ ತಂಡಕ್ಕೆ ಒಳ್ಳೆಯ ಮೊತ್ತ ಹೇಳಿದ್ದಾರೆ. ಹಿರಿಯರು ಬೇಡ ಅನ್ನುತ್ತಾರೆ. ಹುಡುಗರು, "ಮಳೆಗಾಲದಲ್ಲಿ ಯಕ್ಷಗಾನದವರು ಬೆಂಗಳೂರಿಗೆ ಹೋಗಿ ಕುಣಿಯಲ್ವಾ? ಅದು ಸರಿ, ಇದು ತಪ್ಪಾ?" ಅಂತ ಕೇಳುತ್ತಾರೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಆ ಹುಡುಗರಲ್ಲಿ ಇಬ್ಬರು ಅಡಿಕೆ ಸುಲಿಯುವವರ ಮಕ್ಕಳು. ಪದ ಹಾಡಲಿ, ದೀಪ ಮಾತ್ರ ಒಯ್ಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ನನ್ನನ್ನೇನೂ ಯಾರೂ ಕೇಳಿಲ್ಲ. ತಂಡದವರು ಮುಂದಿನ ವಾರ ದೇವಸ್ಥಾನದಲ್ಲಿ ಕೂರುತ್ತಾರಂತೆ.