ಕ್ರೋನ್ಸ್, ಕೊಲೈಟಿಸ್ ಇರುವವರ ವಸಡಿಗೆ ನಾನು ಚಿಕಿತ್ಸೆ ಕೊಡುವ ಬಗೆ

ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ (ಎರಡೂ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳು) ಇರುವವರು ವಸಡಿನಲ್ಲಿ ರಕ್ತ ಬರುತ್ತದೆ ಎಂದು ಬಂದರೆ ಹಲ್ಲಿನ ಡಾಕ್ಟರಾದ ನಾನು ಮೊದಲು ನೋಡುವುದು ಔಷಧಿ ಚೀಟಿ. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಒಂದೇ ಆದರೆ ಚಿಂತೆ ಕಡಿಮೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಇದ್ದರೆ ಇತ್ತೀಚಿನ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿ ಬೇಕೇ ಬೇಕು. ಆ ಮಾತ್ರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡನ್ನೂ ಇಳಿಸಬಲ್ಲದು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ನಡೆಯುತ್ತಿದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಸಕ್ಕರೆ ಏರಿದರೆ ವಸಡು ಬೇಗ ಹಾಳಾಗುತ್ತದೆ.

ನಂತರ ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳದ ಅಳತೆ. ಪ್ರತಿ ಹಲ್ಲಿನ ಸುತ್ತ ಆರು ಕಡೆ ಪ್ರೋಬ್ (ಮಿ.ಮೀ. ಗುರುತುಗಳಿರುವ ತೆಳು ಕಡ್ಡಿ) ಇಳಿಸುತ್ತೇನೆ. 1ರಿಂದ 3 ಮಿ.ಮೀ. ಸಹಜ, 4 ಮತ್ತು ಮೇಲ್ಪಟ್ಟು, ಜೊತೆಗೆ ರಕ್ತ ಬಂದರೆ ಅಲ್ಲಿ ಕೆಲಸವಿದೆ. ಒತ್ತಡ 20–25 ಗ್ರಾಂ ಸಾಕು. ಪ್ರೋಬ್ ತುದಿಯನ್ನು ಹೆಬ್ಬೆರಳ ಉಗುರಿನಡಿ ಒತ್ತಿದಾಗ ನೋವಾಗದಿದ್ದರೆ ಅದೇ ಸರಿಯಾದ ಹದ. ಊದಿದ ವಸಡಿಗೆ ಜೋರಾಗಿ ಒತ್ತಿದರೆ ತುದಿ ಒಳಗಿನ ಅಂಗಾಂಶಕ್ಕೇ ನುಗ್ಗಿ ಇಲ್ಲದ ಆಳ ತೋರಿಸುತ್ತದೆ. ಈ ರೋಗಿಗಳಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಸಾಮಾನ್ಯ. ವಸಡು ಬಿಳಿಚಿಕೊಂಡಿರುವುದರಿಂದ ಕೆಂಪು ಕಾಣದು. ಹಾಗಾಗಿ ಬಣ್ಣವನ್ನು ನಂಬದೆ ಪ್ರೋಬನ್ನೇ ನಂಬುತ್ತೇನೆ.

ಕೆನ್ನೆಯನ್ನು ಪೂರ್ತಿ ಎಳೆದು, ಕೆನ್ನೆ ಮತ್ತು ವಸಡು ಸೇರುವ ಸಂದನ್ನೂ ನೋಡಬೇಕು. ಅಲ್ಲಿ ಸೀಳಿದಂತೆ ಉದ್ದನೆಯ ಆಳದ ಹುಣ್ಣು, ಉಬ್ಬುತಗ್ಗಾದ ಒಳಗೆನ್ನೆ, ಊದಿದ ತುಟಿ ಕಂಡರೆ ಅದು ಕ್ರೋನ್ಸ್ ಬಾಯಿಗೂ ಬಂದಿರುವ ಲಕ್ಷಣವಿರಬಹುದು. ಅದಕ್ಕೆ ಸ್ಕೇಲಿಂಗ್ (ಹಲ್ಲಿನ ಗಾರೆ ತೆಗೆಯುವುದು) ಮದ್ದಲ್ಲ, ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷೆ) ಬೇಕು. ನಮ್ಮಲ್ಲಿ ಕ್ಷಯವೂ ಅಂಥದೇ ಗ್ರಾನ್ಯುಲೋಮಾ (ಉರಿಯೂತದ ಕಣಗಳ ಪುಟ್ಟ ಗಂಟು) ತೋರಿಸುವುದರಿಂದ ಅದನ್ನೂ ಪರೀಕ್ಷಿಸಿಯೇ ಮುಂದುವರಿಯಬೇಕು.

ವಸಡಿಗೂ ಕರುಳಿಗೂ ಏನು ಸಂಬಂಧ ಎಂದು ಎಲ್ಲರೂ ಕೇಳುತ್ತಾರೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಹಲ್ಲಿಗೆ ದಾರ ಕಟ್ಟಿ ವಸಡು ಊದುವಂತೆ ಮಾಡಿದರು. ಬಾಯಲ್ಲಿ ಕ್ಲೆಬ್ಸಿಯೆಲ್ಲಾ, ಎಂಟೆರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿದವು. ಎಂಜಲಿನೊಂದಿಗೆ ಕರುಳಿಗಿಳಿದು, ಉರಿಯೂತವಿದ್ದ ಕಡೆ ನೆಲೆಯೂರಿದವು. ಬಾಯಲ್ಲಿ ಆ ಬ್ಯಾಕ್ಟೀರಿಯಾ ವಿರುದ್ಧ ಸಜ್ಜಾದ ಟಿಎಚ್17 ಎಂಬ ರೋಗನಿರೋಧಕ ಕಣಗಳೂ ಕರುಳಿಗೆ ಹೋಗಿ ಉರಿಯೂತ ಹೆಚ್ಚಿಸಿದವು. ಇದು ಇಲಿಗಳ ಮಾತು. ವಸಡು ಶುಚಿ ಮಾಡಿದರೆ ಕರುಳು ವಾಸಿಯಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳುವವರನ್ನು ನಂಬಬೇಡಿ.

ಆಳದ ಸ್ಕೇಲಿಂಗ್ ಕರುಳು ಶಾಂತವಾಗಿರುವಾಗ ಮಾತ್ರ. ಭೇದಿ, ಮಲದಲ್ಲಿ ರಕ್ತ ಜೋರಾಗಿರುವಾಗ ಕೀವು, ತೀವ್ರ ನೋವಿನಂಥ ತುರ್ತಿಗಷ್ಟೇ ಕೈಹಾಕುತ್ತೇನೆ. ಒಮ್ಮೆಗೆ ಬಾಯಿಯ ಒಂದು ಬದಿ. ಇನ್‌ಫ್ಲಿಕ್ಸಿಮ್ಯಾಬ್ (ಉರಿಯೂತ ತಗ್ಗಿಸುವ ಇಂಜೆಕ್ಷನ್) ಅಥವಾ ಸ್ಟೀರಾಯ್ಡ್ ನಿಲ್ಲಿಸಿ ಬನ್ನಿ ಎಂದು ಹಲ್ಲಿನ ಡಾಕ್ಟರು ಹೇಳಬಾರದು, ಅದು ಕರುಳಿನ ಡಾಕ್ಟರ ನಿರ್ಧಾರ. ಸ್ಕೇಲಿಂಗ್ ಆದಮೇಲೆ ಆಲ್ಕೋಹಾಲ್ ಇಲ್ಲದ 0.2% ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ದ್ರಾವಣ 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ, ಎರಡು ವಾರ. ಬ್ರಷ್ ಮಾಡಿದ ಅರ್ಧ ಗಂಟೆಯ ನಂತರ. ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ.

ಹೆಚ್ಚು ಎಡವಟ್ಟಾಗುವುದು ಮೆಡಿಕಲ್ ಶಾಪಿನಲ್ಲಿ. ಹಲ್ಲುನೋವಿನ ಮಾತ್ರೆ ಎಂದರೆ ಐಬುಪ್ರೊಫೆನ್, ಕೀಟೊರೊಲಾಕ್, ಇಲ್ಲವೇ ಪ್ಯಾರಾಸಿಟಮಾಲ್ ಜೊತೆ ಅಸಿಕ್ಲೊಫೆನಾಕ್ ಬೆರೆಸಿದ ಮಾತ್ರೆ ಕೈಗೆ ಬರುತ್ತದೆ; ಇವು ಕರುಳನ್ನು ಕೆರಳಿಸಬಲ್ಲವು. ಬರೀ ಪ್ಯಾರಾಸಿಟಮಾಲ್ ಎಂದು ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ. ಆಂಟಿಬಯೋಟಿಕ್ ಸುಮ್ಮನೆ ಬರೆಯುವುದಿಲ್ಲ, ಕ್ಲಿಂಡಾಮೈಸಿನ್ ಅಂತೂ ತಪ್ಪಿಸುತ್ತೇನೆ. ಆಂಟಿಬಯೋಟಿಕ್ ನಂತರ ಭೇದಿ ಶುರುವಾದರೆ ಹಳೇ ಕಾಯಿಲೆ ಎಂದುಕೊಳ್ಳದೆ, ಆಂಟಿಬಯೋಟಿಕ್ ನಂತರ ಕರುಳಲ್ಲಿ ಹೆಚ್ಚುವ ಬ್ಯಾಕ್ಟೀರಿಯಾ ಸಿ. ಡಿಫಿಸಿಲ್‌ಗೆ ಮಲಪರೀಕ್ಷೆ ಆಗಬೇಕು.

ಎಂಟು ವಾರಕ್ಕೆ ಮತ್ತೆ ಅಳತೆ, ನಂತರ ಮೂರು ತಿಂಗಳಿಗೊಮ್ಮೆ. ಪ್ರತಿ ಸಲವೂ ಎಷ್ಟು ಕಡೆ ರಕ್ತ, ಎಷ್ಟು ಮಿ.ಮೀ. ಆಳ, ಏನು ಔಷಧಿ ಕೊಟ್ಟೆ ಎಂಬುದು ಚೀಟಿಯಾಗಿ ಕರುಳಿನ ಡಾಕ್ಟರಿಗೆ ಹೋಗುತ್ತದೆ.